ಎಸ್.ಕೆ. ಬಾರ್ಡರಿನ ಆಚೆ ಈಚೆ: ಕುದುರೆಮುಖದ ಕಾಲುದಾರಿಗಳು

ಕಾಸರಗೋಡು ಜಿಲ್ಲೆಯ ಉತ್ತರ ಭಾಗದಲ್ಲಿ, ಧರ್ಮತ್ತಡ್ಕದ ಸಮೀಪ, ಪೊಸಡಿಗುಂಪೆ ಎಂಬ ಬೆಟ್ಟವಿದೆ. ಸಮುದ್ರ ಮಟ್ಟದಿಂದ ಅದರ ಎತ್ತರ ಸುಮಾರು 1060 ಅಡಿ. ಮಳೆಗಾಲ ಹಿಂದೆ ಸರಿದು ಆಕಾಶ ತೊಳೆದಿಟ್ಟಂತಿರುವ ಬೆಳಗಿನಲ್ಲಿ ಅದರ ನೆತ್ತಿಯ ಮೇಲೆ ನಿಂತರೆ ಪಡುವಣಕ್ಕೆ ಅರಬ್ಬೀ ಸಮುದ್ರವೂ ವಾಯವ್ಯಕ್ಕೆ ಮಂಗಳೂರಿನ ಕಡೆಯ ತೀರವೂ ಕಾಣುತ್ತವೆ. ಈಶಾನ್ಯದ ಅಂಚಿನಲ್ಲಿ, ನೀಲಿಯ ಮೇಲೆ ಇನ್ನೊಂದು ನೀಲಿ ಬಳಿದಂತೆ, ಘಟ್ಟದ ಸಾಲು ಕಾಣುತ್ತದೆ. ಆ ಸಾಲಿನಲ್ಲಿ ತಲೆ ಎತ್ತಿ ನಿಂತಿರುವುದೇ ಕುದುರೆಮುಖ.

ಬಾಲ್ಯದಲ್ಲಿ ನನ್ನ ಅಜ್ಜ ನನ್ನನ್ನು ಈ ಗುಂಪೆಗೆ ಕರೆದೊಯ್ದು, ಕೈ ಚಾಚಿ, "ಅದು ನಮ್ಮ ಜಿಲ್ಲೆಯ ಬೆಟ್ಟ" ಎಂದು ತೋರಿಸಿದ್ದರು. ಆ ಹೊತ್ತಿಗೆ ರಾಜ್ಯಗಳ ಪುನರ್ವಿಂಗಡಣೆಯಾಗಿ ಕೆಲವು ವರ್ಷಗಳು ಕಳೆದಿದ್ದವು. ನಾವು ಕೇರಳದವರಾಗಿದ್ದೆವು, ಬೆಟ್ಟ ಮೈಸೂರು ರಾಜ್ಯದ್ದಾಗಿತ್ತು. ಅಜ್ಜನ ಬಾಯಲ್ಲಿ ಮಾತ್ರ ಜಿಲ್ಲೆ ಬದಲಾಗಿರಲಿಲ್ಲ. ಅವರ ಮಾತು ತಪ್ಪೆಂದು ತಿದ್ದಲು ಆಗ ನನಗೆ ವಯಸ್ಸು ಸಾಲದು. ಮೂರು ದಶಕಗಳಿಗೂ ಮಿಕ್ಕಿ ಮಕ್ಕಳಿಗೆ ಚರಿತ್ರೆ, ಭೂಗೋಳಗಳನ್ನು ಬೋಧಿಸಿ ನಿವೃತ್ತನಾದ ಮೇಲೆ, ಅದನ್ನು ತಿದ್ದಬೇಕೆಂದೂ ನನಗೆ ಅನ್ನಿಸುವುದಿಲ್ಲ.

ಕುದುರೆಮುಖ ಇಂದು ರಾಷ್ಟ್ರೀಯ ಉದ್ಯಾನ. ಸುಮಾರು 600 ಚದರ ಕಿಲೋಮೀಟರ್ ವಿಸ್ತಾರದ ಈ ಕಾಡು, ಹುಲ್ಲುಗಾವಲುಗಳಿಗೆ ಪ್ರತಿವರ್ಷ ಸಾವಿರಾರು ಜನ ಚಾರಣಕ್ಕೆಂದು ಬರುತ್ತಾರೆ. ನಮ್ಮ ಸಂಘದ ಕುಟುಂಬಗಳಿಂದಲೂ ಯುವಕ ಯುವತಿಯರು ಹೋಗಿ ಬರುತ್ತಿದ್ದಾರೆ. ಅವರು ನಡೆಯುವ ಹಾದಿಗಳು ಚಾರಣಕ್ಕೆಂದು ಹುಟ್ಟಿದವಲ್ಲ. ಅವುಗಳಿಗೊಂದು ಇತಿಹಾಸವಿದೆ, ಆ ಇತಿಹಾಸದಲ್ಲಿ ನಮ್ಮ ಪಾಲೂ ಇದೆ. ಅದನ್ನು ನೆನಪಿಸುವುದು, ಜೊತೆಗೆ ಎಳೆಯರಿಂದ ವೃದ್ಧರವರೆಗೆ ಯಾರು ಯಾವ ಹಾದಿಯಲ್ಲಿ ಎಷ್ಟು ದೂರ ನಡೆಯಬಹುದೆಂದು ಹೇಳುವುದು ಈ ಲೇಖನದ ಉದ್ದೇಶ. ಎರಡನೆಯ ಉದ್ದೇಶಕ್ಕೆ ನನ್ನ ಜೀವನದ ಒಂದು ತಪ್ಪು ಕಾರಣವಾಗಿದೆ. ಅದನ್ನು ಮುಂದೆ ನಿವೇದಿಸುತ್ತೇನೆ.

ಒಂದು ಗಡಿಯ ಕಥೆ

ಕಾರ್ಕಳದಿಂದ ಬಜಗೋಳಿ, ಮಾಳ ಮಾರ್ಗವಾಗಿ ಘಟ್ಟವನ್ನೇರಿದರೆ ತಿರುವುಗಳೆಲ್ಲ ಮುಗಿದ ಮೇಲೆ ಒಂದು ಕವಲುದಾರಿ ಸಿಗುತ್ತದೆ. ಒಂದು ಕವಲು ಕೆರೆಕಟ್ಟೆಯ ಮೂಲಕ ಶೃಂಗೇರಿಗೆ, ಇನ್ನೊಂದು ಕುದುರೆಮುಖದ ಮೂಲಕ ಕಳಸಕ್ಕೆ. ಈ ಸ್ಥಳದ ಹೆಸರು ಎಸ್.ಕೆ. ಬಾರ್ಡರ್. ಬಸ್ಸಿನ ನಿರ್ವಾಹಕರು ಹಾಗೆಯೇ ಕೂಗುತ್ತಾರೆ. ಫಲಕದಲ್ಲಿಯೂ ಹಾಗೆಯೇ ಬರೆದಿರುತ್ತದೆ. ಎಸ್.ಕೆ. ಎಂದರೇನೆಂದು ಅಲ್ಲಿ ಚಹಾ ಕುಡಿಯುತ್ತಿದ್ದ ಕಾಲೇಜು ಹುಡುಗರನ್ನು ನಾನೊಮ್ಮೆ ಕೇಳಿದೆ. ಒಬ್ಬರಿಗೂ ತಿಳಿದಿರಲಿಲ್ಲ. ಅದು ಸೌತ್ ಕೆನರಾ. ಅಂದರೆ ಮದರಾಸು ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆ. ಅದರ ದಕ್ಷಿಣ ತುದಿಯ ತಾಲೂಕು ನಮ್ಮ ಕಾಸರಗೋಡು.

1799ರಲ್ಲಿ ಟಿಪ್ಪು ಸುಲ್ತಾನನ ಪತನಾನಂತರ ಕರಾವಳಿಯ ಕೆನರಾ ಪ್ರದೇಶವನ್ನು ಇಂಗ್ಲಿಷ್ ಕಂಪೆನಿಯು ತನ್ನಲ್ಲಿಯೇ ಇರಿಸಿಕೊಂಡಿತು. ಘಟ್ಟದ ಮೇಲಿನ ನಾಡು ಮೈಸೂರಿನ ಒಡೆಯರ ಸಂಸ್ಥಾನಕ್ಕೆ ಸೇರಿತು. ಆ ಬಳಿಕ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಈ ಬೆಟ್ಟಗಳ ನೆತ್ತಿಯೇ ಎರಡು ಸರಕಾರಗಳ ನಡುವಿನ ಗಡಿ. ಈಚೆ ಮದರಾಸು, ಆಚೆ ಮೈಸೂರು. ಎರಡೂ ಕಡೆ ಕನ್ನಡ ಬಲ್ಲವರು, ಎರಡೂ ಕಡೆ ಅಡಕೆ, ಎರಡೂ ಕಡೆ ಅದೇ ದೇವರುಗಳು. ಈಚೆ ಬಿದ್ದ ಮಳೆ ಕೆಲವೇ ಹರದಾರಿ ಹರಿದು ಅರಬ್ಬೀ ಸಮುದ್ರಕ್ಕೆ ಸೇರುತ್ತದೆ. ಆಚೆ ಬಿದ್ದ ಮಳೆ ತುಂಗೆ, ಭದ್ರೆಯರಾಗಿ, ಕೂಡಿ ತುಂಗಭದ್ರೆಯಾಗಿ, ಕೃಷ್ಣೆಯ ಜೊತೆಗೂಡಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. "ಅದು ಮದರಾಸಿನ ಮಳೆ, ಇದು ಮೈಸೂರಿನ ಮಳೆ" ಎಂದು ಅಜ್ಜ ನಗುತ್ತಿದ್ದರು.

1956ರ ನವೆಂಬರ್ 1ರಂದು ಏನಾಯಿತೆಂಬುದನ್ನು ಈ ಸಂಚಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ದಕ್ಷಿಣ ಕನ್ನಡ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ಕಾಸರಗೋಡು ತಾಲೂಕು ಕೇರಳವನ್ನು ಸೇರಿತು. ನಾವು ನಮ್ಮ ಕಡೆಯಿಂದ ಈ ಘಟನೆಯನ್ನು ಒಂದು ಗಡಿಯ ಹುಟ್ಟು ಎಂದೇ ನೆನೆಯುತ್ತೇವೆ. ಅದೇ ದಿನ, ಇಲ್ಲಿಂದ ಈಶಾನ್ಯಕ್ಕೆ ಬೆಟ್ಟದ ನೆತ್ತಿಯ ಮೇಲೆ, ಇನ್ನೊಂದು ಗಡಿ ಸತ್ತಿತು. ಎರಡು ಸರಕಾರಗಳನ್ನು ಬೇರ್ಪಡಿಸಿದ್ದ ಗೆರೆ ಎರಡು ಜಿಲ್ಲೆಗಳ ನಡುವಿನ ಸಾಮಾನ್ಯ ಗೆರೆಯಾಯಿತು. 1997ರಲ್ಲಿ ಉಡುಪಿ ಜಿಲ್ಲೆ ಪ್ರತ್ಯೇಕಗೊಂಡ ಮೇಲೆ ಆ ಸ್ಥಳಕ್ಕೂ ದಕ್ಷಿಣ ಕನ್ನಡ ಜಿಲ್ಲೆಗೂ ಇದ್ದ ಸಂಬಂಧವೂ ಮುಗಿಯಿತು. ಸೌತ್ ಕೆನರಾ ಎಂಬ ಹೆಸರಿನ ಜಿಲ್ಲೆ ಭೂಪಟದಲ್ಲಿಲ್ಲ, ಆದರೆ ಅದರ ಬಾರ್ಡರ್ ಬಸ್ಸಿನ ನಿಲುಗಡೆಯಾಗಿ ಉಳಿದಿದೆ. ಗಡಿನಾಡಿನವರಾದ ನಾವು ಅಲ್ಲಿ ಇಳಿದು ಒಂದು ಲೋಟ ಚಹಾ ಕುಡಿಯುವುದು ಒಳ್ಳೆಯದು.

ದಾರಿ ಮಾಡಿದವರು

ಸರಕಾರಗಳು ಗೆರೆ ಎಳೆಯುವ ಎಷ್ಟೋ ಮೊದಲೇ ಈ ಬೆಟ್ಟಗಳಲ್ಲಿ ಕಾಲುದಾರಿಗಳಿದ್ದವು. ಅವುಗಳನ್ನು ಮೊದಲು ಸವೆಸಿದವರಲ್ಲಿ ಮಲೆಕುಡಿಯರನ್ನು ಮುಖ್ಯವಾಗಿ ನೆನೆಯಬೇಕು. ಜೇನು, ಸೀಗೆ, ರಾಮಪತ್ರೆ, ಏಲಕ್ಕಿಗಳಿಗಾಗಿ ಕಾಡಿನೊಳಗೆ ಅವರು ನಡೆದ ಜಾಡುಗಳೇ ಇತರರಿಗೆ ದಾರಿಗಳಾದವು. ಇಂದಿಗೂ ಈ ಬೆಟ್ಟಗಳಲ್ಲಿ ಮಾರ್ಗದರ್ಶಕರಾಗಿ ಮುಂದೆ ನಡೆಯುವವರಲ್ಲಿ ಸ್ಥಳೀಯರೇ ಹೆಚ್ಚು. ದಾರಿ ತಪ್ಪಿದರೆ ಹುಡುಕಿ ತರುವವರೂ ಅವರೇ.

ಎರಡನೆಯದಾಗಿ ಅರಸರನ್ನು ಹೇಳಬೇಕು. ಘಟ್ಟದ ಮೇಲಿನ ಕಳಸ ಮತ್ತು ಕೆಳಗಿನ ಕಾರ್ಕಳ ಇಂದು ಬೇರೆ ಬೇರೆ ಜಿಲ್ಲೆಗಳಲ್ಲಿವೆ. ಮಧ್ಯಯುಗದಲ್ಲಿ ಅವೆರಡೂ ಭೈರರಸ ಒಡೆಯರ ಒಂದೇ ರಾಜ್ಯದ ಎರಡು ನೆಲೆಗಳಾಗಿದ್ದವು. ಇತಿಹಾಸಕಾರರು ಅದನ್ನು ಕಳಸ-ಕಾರ್ಕಳ ರಾಜ್ಯವೆಂದೇ ಕರೆಯುತ್ತಾರೆ. 1432ರಲ್ಲಿ ಕಾರ್ಕಳದಲ್ಲಿ 42 ಅಡಿ ಎತ್ತರದ ಗೊಮ್ಮಟನನ್ನು ನಿಲ್ಲಿಸಿದ ವೀರಪಾಂಡ್ಯ ಇದೇ ವಂಶದವನು. 1586ರಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದ ಇಮ್ಮಡಿ ಭೈರವನೂ ಇದೇ ವಂಶದವನು. ಒಂದು ರಾಜ್ಯದ ಎರಡು ನೆಲೆಗಳ ನಡುವೆ ಇಂಥ ಬೆಟ್ಟದ ಸಾಲು ಅಡ್ಡ ನಿಂತಿದ್ದಾಗ ಅಲ್ಲಿ ಆಳು, ಎತ್ತು, ಓಲೆಕಾರರು ನಡೆಯುವ ದಾರಿ ಇರಲೇಬೇಕಾಗಿತ್ತು. ಆ ಅರಸರಿಗೆ ಘಟ್ಟವು ಗಡಿಯಾಗಿರಲಿಲ್ಲ, ನಾಡಿನ ನಟ್ಟನಡುವಿನ ಬೆನ್ನೆಲುಬಾಗಿತ್ತು.

ಮೂರನೆಯವರು ವ್ಯಾಪಾರಿಗಳು. ಕರಾವಳಿಯಿಂದ ಉಪ್ಪು, ಒಣಮೀನು, ತೆಂಗಿನಕಾಯಿಗಳು ಹೇರೆತ್ತುಗಳ ಬೆನ್ನೇರಿ ಮೇಲಕ್ಕೆ ಹೋಗುತ್ತಿದ್ದವು. ಅಡಕೆ, ಮೆಣಸು, ಏಲಕ್ಕಿ, ಅಕ್ಕಿ ಕೆಳಗಿಳಿಯುತ್ತಿದ್ದವು. ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿ ತೋಟಗಳು ಹಬ್ಬಿದ ಮೇಲೆ ಇನ್ನೊಂದು ಸರಕು ಮೇಲಕ್ಕೆ ಹೋಗತೊಡಗಿತು: ಮನುಷ್ಯರ ದುಡಿಮೆ. ಸುಗ್ಗಿಯ ಕೆಲಸ ಮುಗಿದೊಡನೆ ತುಳುನಾಡಿನ ಬಡ ಕುಟುಂಬಗಳು "ಘಟ್ಟಕ್ಕೆ ಹೋಗುವುದು" ಆಗ ಮನೆಮಾತಾಗಿತ್ತು. ಕೆಲವರು ಕಾಸಿನೊಂದಿಗೆ, ಕೆಲವರು ಮಲೇರಿಯಾದೊಂದಿಗೆ ಮರಳಿದರು, ಕೆಲವರು ಮರಳಲಿಲ್ಲ.

ನಾಲ್ಕನೆಯವರು ಯಾತ್ರಿಕರು. ಶೃಂಗೇರಿಯ ಶಾರದೆ, ಹೊರನಾಡಿನ ಅನ್ನಪೂರ್ಣೆ, ಕಳಸದ ಕಳಸೇಶ್ವರ, ಕಿಗ್ಗದ ಋಷ್ಯಶೃಂಗ, ಈ ದೇವರುಗಳನ್ನು ಕಾಣಲು ಕರಾವಳಿಯವರು ಘಟ್ಟ ಹತ್ತುತ್ತಿದ್ದರು. ನನ್ನ ಅಜ್ಜ ಪ್ರಾಯದಲ್ಲಿ ನಾಲ್ವರು ನೆರೆಯವರೊಂದಿಗೆ ಕುಂಬಳೆ ಸೀಮೆಯಿಂದ ಶೃಂಗೇರಿಗೆ ನಡೆದೇ ಹೋಗಿದ್ದರು. ಮಂಗಳೂರು, ಮೂಡುಬಿದಿರೆ, ಕಾರ್ಕಳ, ಮಾಳ, ಆಮೇಲೆ ಘಟ್ಟ. ಅವರು ಹೇಳುತ್ತಿದ್ದ ಒಂದು ಸಂಗತಿ ನನಗೆ ಮರೆತಿಲ್ಲ. ಗುಂಪಿನಲ್ಲಿ ಎಪ್ಪತ್ತು ದಾಟಿದ ಒಬ್ಬ ಮುದುಕರಿದ್ದರಂತೆ. ಘಟ್ಟದ ಏರಿನಲ್ಲಿ ಅವರೇ ಎಲ್ಲರಿಗಿಂತ ಮುಂದೆ ನಡೆಯಬೇಕೆಂಬುದು ಕಟ್ಟಳೆ. ಮುಂದಿರುವವನು ನಿಂತರೆ ಎಲ್ಲರೂ ನಿಲ್ಲಬೇಕು, ಅವನನ್ನು ದಾಟಕೂಡದು. ಹೀಗೆ ನಡೆದುದರಿಂದ ಒಂದು ದಿನ ಹೆಚ್ಚಾಯಿತು, ಆದರೆ ಐವರೂ ಶಾರದೆಯನ್ನು ಕಂಡರು.

ಕುದುರೆಯ ಮುಖ

ಇನ್ನು ಶಿಖರದ ವಿಷಯ. ಕುದುರೆಮುಖ ಶಿಖರದ ಎತ್ತರ 1894 ಮೀಟರ್. ಒಂದು ಬದಿಯಿಂದ ನೋಡಿದರೆ ಕುದುರೆಯ ಮುಖವನ್ನು ಹೋಲುವುದರಿಂದ ಈ ಹೆಸರು. ಸಂಸೆ ಗ್ರಾಮದ ಕಡೆಯಿಂದ ಏರುತ್ತಿದ್ದ ಕಾರಣ ಹಿಂದೆ ಇದನ್ನು ಸಂಸೆ ಪರ್ವತವೆಂದೂ ಕರೆಯುತ್ತಿದ್ದರು. ಕಡಲಿನಲ್ಲಿ ಸಾಗುವ ನಾವಿಕರಿಗೆ ಇದೊಂದು ಗುರುತಾಗಿತ್ತು. ಬ್ರಿಟಿಷರ ಕಾಲದಲ್ಲಿ ಕೆಳಗಿನ ಸೆಕೆ ತಾಳಲಾರದ ಅಧಿಕಾರಿಗಳು ಬೇಸಿಗೆಯಲ್ಲಿ ಈ ಬೆಟ್ಟದ ಮೇಲೆ ತಂಗುತ್ತಿದ್ದರು. ಶಿಖರದ ಸಮೀಪ ಇಗರ್ಜಿಯೊಂದರ ಪಾಳುಗೋಡೆಗಳು ಇಂದಿಗೂ ಇವೆ. ಮಂಜು ಮುಸುಕಿದ ವೇಳೆಯಲ್ಲಿ ಆ ಗೋಡೆಗಳು ಇದ್ದಕ್ಕಿದ್ದಂತೆ ಎದುರಾದಾಗ, ಅಲ್ಲಿಯವರೆಗೆ ಕಲ್ಲು ಹೊತ್ತವರು ಯಾರೆಂಬ ಯೋಚನೆ ಬರದಿರದು.

ನಾನು ಮೊದಲ ಬಾರಿಗೆ ಈ ಶಿಖರವನ್ನೇರಿದ್ದು 1979ರ ಡಿಸೆಂಬರಿನಲ್ಲಿ. ಆಗ ನಾನು ಒಂದು ಪ್ರೌಢಶಾಲೆಯಲ್ಲಿ ತರುಣ ಅಧ್ಯಾಪಕ. ಭೂಗೋಳದ ಪಾಠವನ್ನು ಕಣ್ಣಾರೆ ಕಾಣಿಸಬೇಕೆಂಬ ಹುಮ್ಮಸ್ಸಿನಿಂದ ಇಪ್ಪತ್ತೆರಡು ವಿದ್ಯಾರ್ಥಿಗಳ ಪಟ್ಟಿ ಮಾಡಿದೆ. ಆ ಪಟ್ಟಿಯಲ್ಲಿ ಮೊದಲು ಇಪ್ಪತ್ತಮೂರು ಹೆಸರುಗಳಿದ್ದವು. ಇಪ್ಪತ್ತಮೂರನೆಯವನಿಗೆ ಎಳವೆಯಲ್ಲಿ ಪೋಲಿಯೋ ತಗುಲಿ ಎಡಗಾಲು ಸೊರಗಿತ್ತು. ಪಶ್ಚಿಮ ಘಟ್ಟದ ಭೂಪಟವನ್ನು ತರಗತಿಯಲ್ಲಿ ಅವನಷ್ಟು ಅಚ್ಚುಕಟ್ಟಾಗಿ ಬರೆಯುವವರು ಇರಲಿಲ್ಲ. ನಾನು ಅವನ ಹೆಸರನ್ನು ಹೊಡೆದು ಹಾಕಿದೆ. ಅವನು ಕೊಠಡಿಗೆ ಬಂದು, "ಆದಷ್ಟು ದೂರ ಬರುತ್ತೇನೆ ಸರ್. ಆಗದಿದ್ದಲ್ಲಿ ಕೂತುಕೊಳ್ಳುತ್ತೇನೆ" ಎಂದ. "ಬೆಟ್ಟವೆಂದರೆ ತುದಿಯವರೆಗೆ ಹೋಗುವುದು. ನಡುವೆ ಕೂರುವುದಕ್ಕಲ್ಲ" ಎಂದು ನಾನು ಹೇಳಿದೆ. ಅವನು ಮತ್ತೆ ಮಾತನಾಡಲಿಲ್ಲ.

ನಾವು ಸಂಸೆಯಲ್ಲಿ ಬಸ್ಸಿಳಿದು ಮುಳ್ಳೋಡಿಗೆ ನಡೆದೆವು. ರಾತ್ರಿ ಒಂದು ಮನೆಯ ಜಗಲಿಯಲ್ಲಿ ಮಲಗಿ, ಮರುದಿನ ಮುಂಜಾನೆ ಹೊರಟು, ತೊರೆಗಳನ್ನು ದಾಟಿ, ಶೋಲಾ ಕಾಡನ್ನು ಹೊಕ್ಕು, ಹುಲ್ಲಿನ ಏಣನ್ನು ಹಿಡಿದು, ನಡುಹಗಲಿಗೆ ತುದಿ ಸೇರಿದೆವು. ಹುಡುಗರು ಕೂಗಿದರು, ಕುಣಿದರು. ಮಂಜು ಕವಿದಿದ್ದುದರಿಂದ ಮೇಲಿನಿಂದ ಏನೂ ಕಾಣಿಸಲಿಲ್ಲ. ಕಣ್ತುಂಬ ಕಂಡದ್ದೆಲ್ಲವೂ ದಾರಿಯ ನಡುವೆಯೇ, ಮೊದಲ ಎರಡು ಗಂಟೆಗಳಲ್ಲಿ. ಆ ವಿದ್ಯಾರ್ಥಿಯೂ ಬಂದು ಕೂರಬಹುದಾಗಿದ್ದ ಜಾಗಗಳಲ್ಲಿ. ಇದು ನನಗೆ ಅಂದು ಹೊಳೆಯಲಿಲ್ಲ.

ಗಣಿ ಮತ್ತು ಉದ್ಯಾನ

ನಾವು ಹೋದ ಆ ದಿನಗಳಲ್ಲಿ ಕುದುರೆಮುಖದ ಇನ್ನೊಂದು ಬದಿಯಲ್ಲಿ ದೊಡ್ಡ ಯಂತ್ರಗಳ ಸದ್ದು ಕೇಳತೊಡಗಿತ್ತು. ಈ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿದೆಯೆಂಬುದನ್ನು ಮೈಸೂರಿನ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ ಅವರು 1913ರಲ್ಲಿಯೇ ಗುರುತಿಸಿದ್ದರು. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪೆನಿ ಸ್ಥಾಪನೆಯಾಯಿತು. ಇರಾನಿನ ದೊರೆಯ ಸರಕಾರ ಹಣ ಒದಗಿಸಿ ಅದಿರನ್ನು ಕೊಳ್ಳಬೇಕೆಂಬ ಒಪ್ಪಂದವಿತ್ತು. 1979ರ ಕ್ರಾಂತಿಯಿಂದ ಅದು ಮುರಿದುಬಿತ್ತು. ಆದರೂ ಗಣಿ ನಡೆಯಿತು. ಮಲ್ಲೇಶ್ವರ ಎಂಬ ಹಳ್ಳಿಯಿದ್ದಲ್ಲಿ ಪಟ್ಟಣವೆದ್ದಿತು. ಅದಿರಿನ ಪುಡಿಯನ್ನು ನೀರಿನಲ್ಲಿ ಕಲಸಿ ಸುಮಾರು 67 ಕಿಲೋಮೀಟರ್ ಉದ್ದದ ಕೊಳವೆಯ ಮೂಲಕ ಮಂಗಳೂರಿನ ಪಣಂಬೂರಿಗೆ ಇಳಿಸಿದರು. ಉಪ್ಪಿನ ಎತ್ತುಗಳು ಏರುತ್ತಿದ್ದ ಘಟ್ಟದಲ್ಲಿ ಬೆಟ್ಟವೇ ಕೊಳವೆಯೊಳಗೆ ಇಳಿಯತೊಡಗಿತು. ಉಳಿದ ಕೆಸರನ್ನು ತಡೆಯಲು ಲಕ್ಯಾ ಹೊಳೆಗೆ ಅಣೆಕಟ್ಟು ಕಟ್ಟಿದರು.

ಇದೇ ಕಾಲದಲ್ಲಿ ಪುತ್ತೂರು ಮೂಲದ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಈ ಕಾಡುಗಳಲ್ಲಿ ಸಿಂಗಳೀಕಗಳ ಅಧ್ಯಯನ ನಡೆಸಿದರು. ಕಪ್ಪು ಮೈ, ಮುಖದ ಸುತ್ತ ನರೆಗೂದಲು, ತುದಿಯಲ್ಲಿ ಕುಚ್ಚುಳ್ಳ ಬಾಲದ ಈ ಕೋತಿ ಪಶ್ಚಿಮ ಘಟ್ಟದಲ್ಲಲ್ಲದೆ ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲ. ಅವರ ಶಿಫಾರಸು ಫಲಿಸಿ 1987ರಲ್ಲಿ ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು. ಉದ್ಯಾನ ಮತ್ತು ಗಣಿ ಬಹುಕಾಲ ಒಟ್ಟಿಗೆ ಬಾಳಲಾರದಾದವು. ಪರಿಸರಾಸಕ್ತರು ನ್ಯಾಯಾಲಯದ ಮೊರೆ ಹೊಕ್ಕರು. 2002ರ ಅಕ್ಟೋಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವಿತ್ತ ತೀರ್ಪಿನಂತೆ 2005ರ ಕೊನೆಯಲ್ಲಿ ಗಣಿಗಾರಿಕೆ ನಿಂತಿತು. ದುಡಿಯುತ್ತಿದ್ದವರು ಊರು ಬಿಟ್ಟರು. ಪಟ್ಟಣ ಇಂದು ಬಹುಮಟ್ಟಿಗೆ ಬರಿದಾಗಿದೆ.

ಉದ್ಯಾನವು ಕಾಡನ್ನು ಉಳಿಸಿತೆಂಬುದರಲ್ಲಿ ಸಂದೇಹವಿಲ್ಲ. ಅದರ ಬೆಲೆಯನ್ನು ತೆತ್ತವರೂ ಇದ್ದಾರೆ. ಕಾಡಿನೊಳಗೆ ತಲೆತಲಾಂತರದಿಂದ ಬಾಳಿದ ಮಲೆಕುಡಿಯರು ಮತ್ತು ಸಣ್ಣ ರೈತರು ನೆಲೆ ಕಳೆದುಕೊಳ್ಳುವ ಭಯದಲ್ಲಿ ವರ್ಷಗಳನ್ನು ಕಳೆದರು. ಎಳನೀರು ಎಂಬ ಊರಿನ ಉದಾಹರಣೆ ನೋಡಬಹುದು. ಅದು ಬೆಳ್ತಂಗಡಿ ತಾಲೂಕಿಗೆ ಸೇರಿದೆ. ಆದರೆ ಇರುವುದು ಘಟ್ಟದ ಮೇಲೆ, ಸಂಸೆಯ ಪಕ್ಕದಲ್ಲಿ. ಕೆಳಗಿನ ದಿಡುಪೆಗೆ ಕಾಡಿನ ಹಾದಿಯಲ್ಲಿ ದೂರ ಹೆಚ್ಚಿಲ್ಲ. ಸರಿಯಾದ ರಸ್ತೆಯಿಲ್ಲದ ಕಾರಣ ಅಲ್ಲಿಯವರು ತಮ್ಮದೇ ತಾಲೂಕು ಕಚೇರಿಗೆ ಹೋಗಲು ಕಳಸ, ಕೊಟ್ಟಿಗೆಹಾರ, ಚಾರ್ಮಾಡಿ ಸುತ್ತಿ ನೂರು ಕಿಲೋಮೀಟರಿಗೂ ಹೆಚ್ಚು ಪ್ರಯಾಣ ಮಾಡಬೇಕಾಗಿ ಬಂದಿತ್ತು. ಒಂದು ಕಾಗದಕ್ಕಾಗಿ ದೂರದ ಕಚೇರಿಗೆ ಅಲೆಯುವುದೆಂದರೆ ಏನೆಂದು ನಮಗೂ ಗೊತ್ತು.

ಯಾರಿಗೆ ಯಾವ ಹಾದಿ

ಈಗ ನಮ್ಮ ಕುಟುಂಬಗಳಿಗೆ ಉಪಯೋಗವಾಗುವಂತೆ ಕೆಲವು ಹಾದಿಗಳನ್ನು ಸುಲಭದಿಂದ ಕಠಿಣಕ್ಕೆ ಕ್ರಮವಾಗಿ ಹೇಳುತ್ತೇನೆ.

ನಡೆಯಲು ಕಷ್ಟಪಡುವವರಿಗೆ, ಚಿಕ್ಕ ಮಕ್ಕಳಿಗೆ: ಎಸ್.ಕೆ. ಬಾರ್ಡರಿನಿಂದ ಕುದುರೆಮುಖದ ಕಡೆಗೆ ಹೋಗುವ ರಸ್ತೆಯೇ ಒಂದು ಉದ್ಯಾನ. ಕಡಾಂಬಿ ಜಲಪಾತ ರಸ್ತೆಯ ಪಕ್ಕದಲ್ಲಿಯೇ ಇದೆ; ವಾಹನದಿಂದ ಇಳಿದರೆ ಸಾಕು. ಹನುಮನಗುಂಡಿ ಜಲಪಾತಕ್ಕೆ, ಸೂತನಬ್ಬಿ ಎಂದೂ ಅದರ ಹೆಸರು, ಮೆಟ್ಟಿಲುಗಳಿವೆ. ಇಳಿಯುವುದು ಸುಲಭ, ಏರುವಾಗ ಮೊಣಕಾಲು ಲೆಕ್ಕ ಕೇಳುತ್ತದೆ. ವಯಸ್ಸಾದವರು ಮೇಲಿನಿಂದಲೇ ಸದ್ದು ಕೇಳಿ ತೃಪ್ತರಾಗಬಹುದು. ತುಂಗೆ, ಭದ್ರೆ, ನೇತ್ರಾವತಿಯರ ಉಗಮವೆಂದು ಪರಂಪರೆ ಹೇಳುವ ಗಂಗಾಮೂಲವೂ ಈ ಮಾರ್ಗದ ಸಮೀಪದಲ್ಲಿದೆ. ಅಲ್ಲಿಗೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ರಸ್ತೆಯಲ್ಲಿಯೇ ನಿಂತು ಕೈಮುಗಿಯಬೇಕು.

ಮಧ್ಯಮ ಶಕ್ತಿಯವರಿಗೆ: ಭಗವತಿ ಪ್ರಕೃತಿ ಶಿಬಿರದ ಬಳಿಯಿಂದ ಕುರಿಂಜಾಲಿಗೆ ಹೋಗುವ ಹಾದಿ ನನಗೆ ಎಲ್ಲಕ್ಕಿಂತ ಪ್ರಿಯ. ಬಹುಪಾಲು ದೂರ ಹಳೆಯ ಜೀಪು ದಾರಿಯೇ. ಮರಗಳ ನೆರಳಿದೆ, ಏರು ನಿಧಾನ. ಕೊನೆಯ ಭಾಗದಲ್ಲಿ ಮಾತ್ರ ಹುಲ್ಲಿನ ಕಡಿದಾದ ಏರಿದೆ. ಮೇಲೆ ಹಿಂದೊಮ್ಮೆ ತಂತಿರಹಿತ ಸಂಪರ್ಕಕ್ಕಾಗಿ ಕಟ್ಟಿದ, ಈಗ ಪಾಳುಬಿದ್ದ ಕಟ್ಟಡವಿದೆ. ತುದಿಗೆ ಹೋಗದೆ ಎಲ್ಲಿಂದ ಬೇಕಾದರೂ ಹಿಂದಿರುಗಬಹುದಾದ ಹಾದಿಯಿದು. ಅದೇ ಪರಿಸರದ ಗಂಗಡಿಕಲ್ಲು ಇದಕ್ಕಿಂತ ತೆರೆದ ಬೆಟ್ಟ. ಅಲ್ಲಿ ನೆರಳು ಕಡಿಮೆ, ನೋಟ ಹೆಚ್ಚು.

ಇತಿಹಾಸಪ್ರಿಯರಿಗೆ: ಬೆಳ್ತಂಗಡಿಯ ಸಮೀಪದ ಗಡಾಯಿಕಲ್ಲು. ನರಸಿಂಹಗಡವೆಂಬುದು ಹಳೆಯ ಹೆಸರು. 1794ರಲ್ಲಿ ಟಿಪ್ಪು ಸುಲ್ತಾನನು ಇಲ್ಲಿ ಕೋಟೆಯನ್ನು ಕಟ್ಟಿಸಿ ತನ್ನ ತಾಯಿಯ ಹೆಸರಿನಿಂದ ಜಮಾಲಾಬಾದ್ ಎಂದು ಕರೆದನು. ಒಂದೇ ಬಂಡೆಯಂತೆ ಎದ್ದು ನಿಂತ ಈ ದುರ್ಗಕ್ಕೆ ಒಂದೇ ದಾರಿ. ಕಲ್ಲಿನಲ್ಲಿ ಕೊರೆದ 1876 ಮೆಟ್ಟಿಲುಗಳಿವೆಯೆಂದು ಲೆಕ್ಕ. 1799ರಲ್ಲಿ ಇಂಗ್ಲಿಷರ ವಶವಾದ ಈ ಕೋಟೆಯನ್ನು ಸ್ವಲ್ಪ ಕಾಲದಲ್ಲಿಯೇ ದಂಗೆಯೆದ್ದವರು ಮರಳಿ ಹಿಡಿದರು. ದೀರ್ಘ ಮುತ್ತಿಗೆಯ ಬಳಿಕವೇ ಅದು ಮತ್ತೆ ಕಂಪೆನಿಯ ಕೈ ಸೇರಿತು. ಮೆಟ್ಟಿಲುಗಳು ಎತ್ತರವಾಗಿರುವುದರಿಂದ ಮಂಡಿನೋವಿನವರಿಗೆ ಇದು ಬೇಡ. ಮಳೆಗಾಲದಲ್ಲಿ ಜಾರುತ್ತದೆ, ಯಾರಿಗೂ ಬೇಡ.

ಗಟ್ಟಿ ಕಾಲಿನವರಿಗೆ: ಶೃಂಗೇರಿಯ ಸಮೀಪದ ಕಿಗ್ಗದಿಂದ ನರಸಿಂಹ ಪರ್ವತಕ್ಕೆ, 1152 ಮೀಟರ್ ಎತ್ತರಕ್ಕೆ, ಒಂದು ಹಾದಿಯಿದೆ. ಮಳೆ ತಪ್ಪಿದ ವರ್ಷ ಜನರು ಕಿಗ್ಗದ ಋಷ್ಯಶೃಂಗನಿಗೆ ಮೊರೆಯಿಡುವ ವಾಡಿಕೆಯಿದೆ. ಸೀತಾನದಿ ಹುಟ್ಟುವುದು ಈ ಪರ್ವತದ ಆಸುಪಾಸಿನಲ್ಲಿಯೇ. ಕೊನೆಯದಾಗಿ ಕುದುರೆಮುಖ ಶಿಖರ. ಮುಳ್ಳೋಡಿಯಿಂದ ಹೋಗಿ ಬರಲು ಹೆಚ್ಚುಕಡಿಮೆ 20 ಕಿಲೋಮೀಟರ್. ಇಡೀ ದಿನದ ನಡಿಗೆ. ಮುಂಜಾನೆಯೇ ಹೊರಟು ಬೆಳಕಿರುವಾಗಲೇ ಹಿಂದಿರುಗಬೇಕು. ಈಗ ಮೇಲೆ ರಾತ್ರಿ ತಂಗಲು ಅನುಮತಿಯಿಲ್ಲ. ತುದಿ ಮುಟ್ಟಲಾಗದವರಿಗೆ ದಾರಿಯ ಮೊದಲ ಘಟ್ಟದಲ್ಲಿ ಸಿಗುವ ಒಂಟಿ ಮರವೇ ಒಂದು ಗುರಿಯಾಗಬಲ್ಲದು. ಅಲ್ಲಿಂದ ಕಾಣುವ ಹಸಿರು ಮಡಿಕೆಗಳು ಮೇಲಿನವುಗಳಿಗಿಂತ ಕಡಿಮೆಯೇನಲ್ಲ.

ಎಲ್ಲ ಹಾದಿಗಳಿಗೂ ಅನ್ವಯಿಸುವ ಕೆಲವು ಮಾತುಗಳಿವೆ. ಅರಣ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನಿನಲ್ಲಿ ಮೊದಲೇ ಪಡೆಯಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ, ಮಳೆ ವಿಪರೀತವಾದಾಗ ಅಪಾಯದ ಕಾರಣದಿಂದ ಹಾದಿಗಳನ್ನು ಮುಚ್ಚುವುದುಂಟು. ಈ ಬೆಟ್ಟಗಳಲ್ಲಿ ಬೀಳುವ ಮಳೆ ವರ್ಷಕ್ಕೆ ಸುಮಾರು 7000 ಮಿಲಿಮೀಟರ್. ತೊರೆಗಳು ಕ್ಷಣದಲ್ಲಿ ಉಕ್ಕುತ್ತವೆ. ಅಕ್ಟೋಬರಿನಿಂದ ಜನವರಿಯವರೆಗಿನ ಕಾಲ ಎಲ್ಲ ವಯಸ್ಸಿನವರಿಗೂ ಹಿತ. ಉಂಬಳಗಳಿಗೆ ಹೆದರಬೇಕಾಗಿಲ್ಲ, ಉಪ್ಪು ಸಾಕು. ಪ್ಲಾಸ್ಟಿಕ್ಕನ್ನು ಮಾತ್ರ ಒಯ್ಯಬಾರದು.

ಆದಷ್ಟು ದೂರ

ಕೆಲವು ವರ್ಷಗಳ ಹಿಂದೆ ಮಗ, ಸೊಸೆ, ಮೊಮ್ಮಕ್ಕಳೊಂದಿಗೆ ಮತ್ತೆ ಕುದುರೆಮುಖಕ್ಕೆ ಹೋಗಿದ್ದೆ. ನನ್ನ ಎರಡೂ ಮಂಡಿಗಳು ಸವೆದಿರುವುದರಿಂದ ವೈದ್ಯರು ಏರುದಾರಿ ಬೇಡವೆಂದಿದ್ದರು. ಮಕ್ಕಳು ಶಿಖರಕ್ಕೆ ಹೊರಡುವ ತಯಾರಿಯಲ್ಲಿದ್ದಾಗ ಮಗ ಪ್ರೀತಿಯಿಂದಲೇ, "ಅಪ್ಪಾ, ನೀವು ಕೋಣೆಯಲ್ಲಿ ವಿಶ್ರಾಂತಿ ಮಾಡಿ" ಎಂದ. "ಆದಷ್ಟು ದೂರ ಬರುತ್ತೇನೆ" ಎಂಬ ಮಾತು ನನ್ನ ಬಾಯಿಂದ ತಾನಾಗಿಯೇ ಬಂತು. ಆಡಿದ ಕ್ಷಣದಲ್ಲಿಯೇ ಅದು ಯಾರ ಮಾತೆಂದು ನೆನಪಾಯಿತು.

ಅವರು ಶಿಖರಕ್ಕೆ ಹೋದರು. ಮರುದಿನ ನಾನು ಹನ್ನೆರಡು ವರ್ಷದ ಮೊಮ್ಮಗಳ ಕೈ ಹಿಡಿದು, ಮಾರ್ಗದರ್ಶಕನೊಂದಿಗೆ, ಕುರಿಂಜಾಲಿನ ಹಾದಿಯಲ್ಲಿ ಎರಡು ಕಿಲೋಮೀಟರಿನಷ್ಟು ನಡೆದೆ. ಅಜ್ಜನ ಕಟ್ಟಳೆಯಂತೆ ನಾನೇ ಮುಂದೆ. ಒಂದು ಬಂಡೆಯ ಮೇಲೆ ಕುಳಿತೆವು. ಮೇಲೆ ಮರಗಳಲ್ಲಿ ಎಲೆಗಳು ಅಲುಗಿದವು. ಮಾರ್ಗದರ್ಶಕನು ಬೆರಳು ತೋರಿದ ಕಡೆ ನೋಡಿದರೆ ನರೆಗೂದಲಿನ ಮುಖವೊಂದು ನಮ್ಮನ್ನೇ ದಿಟ್ಟಿಸುತ್ತಿತ್ತು. ಶಿಖರಕ್ಕೆ ಹೋದವರಾರಿಗೂ ಸಿಂಗಳೀಕ ಕಾಣಿಸಿರಲಿಲ್ಲ.

ಆ ವಿದ್ಯಾರ್ಥಿ ಈಗ ಎಲ್ಲಿದ್ದಾನೆಂದು ನನಗೆ ತಿಳಿಯದು. ಅವನಿಗೂ ಅರುವತ್ತು ದಾಟಿರಬೇಕು. ಅವನ ಹೆಸರನ್ನು ಪಟ್ಟಿಯಿಂದ ಹೊಡೆದಾಗ ನಾನು ಎಳೆದದ್ದೂ ಒಂದು ಗಡಿಯೇ. ಅದನ್ನು ಎಳೆಯಲು ನನಗೆ ಕೆಂಪು ಶಾಯಿಯ ಒಂದು ಗೀಟು ಸಾಕಾಯಿತು. ಗಡಿಗಳನ್ನು ದೂರದಲ್ಲಿ ಕುಳಿತವರು ಮಾತ್ರ ಎಳೆಯುತ್ತಾರೆಂದು ನಾವು ದೂರುತ್ತೇವೆ. ಹತ್ತಿರ ಕುಳಿತವರೂ ಎಳೆಯುತ್ತಾರೆ.

ನಮ್ಮ ಸಂಘದ ಮುಂದೆ ಒಂದು ಸಣ್ಣ ವಿನಂತಿಯನ್ನಿಟ್ಟು ಮುಗಿಸುತ್ತೇನೆ. ವರ್ಷಕ್ಕೊಮ್ಮೆ, ಮಳೆ ನಿಂತ ಬಳಿಕ, ಸಂಘದ ಕುಟುಂಬಗಳು ಒಟ್ಟಾಗಿ ಈ ಬೆಟ್ಟಕ್ಕೆ ಹೋಗುವಂತಾಗಲಿ. ಎಸ್.ಕೆ. ಬಾರ್ಡರಿನಲ್ಲಿ ಇಳಿದು ಮಕ್ಕಳಿಗೆ ಆ ಹೆಸರಿನ ಅರ್ಥವನ್ನು ಹೇಳೋಣ. ಆಮೇಲೆ ಯಾರ ಹೆಸರನ್ನೂ ಪಟ್ಟಿಯಿಂದ ಬಿಡದೆ, ಎಲ್ಲರಿಗಿಂತ ನಿಧಾನವಾಗಿ ನಡೆಯುವವರನ್ನು ಮುಂದಿಟ್ಟುಕೊಂಡು ಹೊರಡೋಣ. ತುದಿಗೆ ಹೋಗುವವರು ಹೋಗಲಿ. ಉಳಿದವರು ಒಂಟಿ ಮರದ ಕೆಳಗೋ ಕಡಾಂಬಿಯ ತುಂತುರಿನಲ್ಲೋ ಬುತ್ತಿ ಬಿಚ್ಚಿ ಅವರಿಗಾಗಿ ಕಾಯೋಣ. ಬಿಡುವಿಲ್ಲದವರು ಪೊಸಡಿಗುಂಪೆಯನ್ನಾದರೂ ಏರಿ ಈಶಾನ್ಯದ ಕಡೆ ಒಮ್ಮೆ ನೋಡಲಿ. ಬೆಟ್ಟ ಅಲ್ಲಿಯೇ ಇದೆ.